ಭಾವನ ಕಿವಿಗೆ ಒಪ್ಪುವ ಹೆಡ್‌ಫೋನು

ನವೆಂಬರ್ 2, ರವಿವಾರ

ಸಮಸ್ತ ಶ್ರೋತೃ ಮಹಾಜನರೇ, ಕರ್ಣಸುಖಾಭಿಲಾಷಿಗಳೇ, ಎಡಗಿವಿಯ ಮಾನ್ಯರೇ, ಬಲಗಿವಿಯ ಮಾನ್ಯೆಯರೇ! ಅಂಕೋಲಾ ಬಸ್ ನಿಲ್ದಾಣದ ಸಂಚಾರ ನಿಯಂತ್ರಕ, ಕನ್ನಡ ಮಾಧ್ಯಮದ ಬಿ.ಎ., ದ್ವಿತೀಯ ದರ್ಜೆಯ ಪದವೀಧರ, ಪ್ರಥಮ ದರ್ಜೆಯ ಪ್ರಾಸಪೀಡಿತ ರವಿಕಿರಣನಾದ ನಾನು, ಜಾಝ್ ಸಂಗೀತದ ಯಾವ ಬಗೆಗೆ ಯಾವ ಹೆಡ್‌ಫೋನ್ ಯೋಗ್ಯ ಎಂಬ ಗಹನ ವಿಷಯದ ಕುರಿತು ತಮ್ಮೆದುರು ಉಪನ್ಯಾಸಮಾಲೆಯೊಂದನ್ನು ಆರಂಭಿಸುತ್ತಿದ್ದೇನೆ. ಚಪ್ಪಾಳೆ ಬೇಡ. ಹೊರಗಿನ ಕೋಣೆಯಲ್ಲಿ ಹೆಂಡತಿ ವಿನುತಾ ಧಾರಾವಾಹಿ ನೋಡುತ್ತಿದ್ದಾಳೆ.

ಉಪನ್ಯಾಸಕನ ಅರ್ಹತೆ: ಇಂದು ಬೆಳಿಗ್ಗೆ ಹತ್ತೂವರೆಯವರೆಗೆ ಜಾಝ್ ಎಂದರೆ, ಅಟ್ಟದಿಂದ ಬಿದ್ದ ಪಾತ್ರೆಗಳಿಗೆ ಕೋಟು ಟೈ ಹಾಕಿ ಕೂರಿಸಿದ ಸದ್ದು ಎಂದೇ ನಾನು ನಂಬಿದ್ದೆ. ಹತ್ತೂವರೆಯ ನಂತರವೂ ಆ ಅಭಿಪ್ರಾಯ ಹೆಚ್ಚೇನೂ ಬದಲಾಗಿಲ್ಲ.

ಇದಕ್ಕೆಲ್ಲ ಕಾರಣಪುರುಷರು ನನ್ನ ಭಾವ ದೇವಾನಂದ, ಜಯಂತಿ ಅಕ್ಕನ ಗಂಡ. ಕಾರವಾರದ ಕೋಡಿಬಾಗದಲ್ಲಿ ಮೀನುಗಾರರ ಮನೆಯಲ್ಲಿ ಹುಟ್ಟಿದವರು. ಬಲೆ ಬಿಟ್ಟು ಮದುವೆ ಬ್ಯಾಂಡಿನ ಕ್ಲಾರಿನೆಟ್ ಹಿಡಿದರು, ಅದನ್ನು ಬಿಟ್ಟು ಗೋವೆಯ ಹೋಟೆಲಿನಲ್ಲಿ ಸ್ಯಾಕ್ಸೊಫೋನ್ ಹಿಡಿದರು. ಮೂವತ್ನಾಲ್ಕು ವರ್ಷ ಊಟ ಮಾಡುವವರ ಬೆನ್ನಿಗೆ ಜಾಝ್ ನುಡಿಸಿದರು. ಆಗಸ್ಟಿನಲ್ಲಿ ಹೋಟೆಲಿನವರು ಬ್ಯಾಂಡಿನ ಜಾಗದಲ್ಲಿ ಒಂದು ಲ್ಯಾಪ್‌ಟಾಪ್ ತಂದಿಟ್ಟರು. ಭಾವ ಊರಿಗೆ ಬಂದು, ಕಾಳಿ ನದಿ ಸಮುದ್ರ ಸೇರುವುದನ್ನು ತಾನು ನೋಡದಿದ್ದರೆ ಅದು ಸೇರಲಾರದೇನೋ ಎಂಬಂತೆ, ದಿನವಿಡೀ ಅದನ್ನೇ ನೋಡುತ್ತ ಕೂತರು.

ಈಗ ಮಾಜಾಳಿಯ ಕಡಲದಂಡೆಯ ರೆಸಾರ್ಟ್ ಒಂದರಿಂದ ಕರೆ ಬಂದಿದೆ. ಡಿಸೆಂಬರ್ ಇಪ್ಪತ್ತರ ಸಂಜೆ ಮೂವರ ಜಾಝ್: ಭಾವನ ಸ್ಯಾಕ್ಸ್, ಮಡಗಾಂವದ ಒಬ್ಬರ ಡಬಲ್ ಬೇಸ್ ಎಂಬ ಆಳೆತ್ತರದ ತಂತಿವಾದ್ಯ, ಭಾವನ ಹಳೆಯ ಜತೆಗಾರ ಕಿಶನನ ಡ್ರಮ್ಸ್. ಜನ ಮೆಚ್ಚಿದರೆ ಪ್ರತಿ ಶನಿವಾರ.

"ಮೂರು ತಿಂಗ್ಳಾದ್ಮೇಲೆ ನಿನ್ನೆ ಅವ್ರು ತಾವಾಗೇ ಗಡ್ಡ ಬೋಳಿಸ್ಕಂಡ್ರು ತಮಾ," ಎಂದಳು ಅಕ್ಕ, ಇಂದು ನಾನು ಕೋಡಿಬಾಗಕ್ಕೆ ಹೋದಾಗ, ಬಂಗಡೆ ಮೀನು ತೊಳೆಯುತ್ತ. ಅವಳ ಮುಖ ನೋಡಿದರೆ ಮನೆಗೆ ಹೊಸ ಅಳಿಯ ಬಂದ ಹಾಗಿತ್ತು.

ತೊಂದರೆ ಇಷ್ಟೇ. ಅಭ್ಯಾಸಕ್ಕೆಂದು ಕಿಶನ ತಾನು ಡ್ರಮ್ಸ್ ನುಡಿಸಿದ ಎಂಟು ಹಾಡುಗಳನ್ನು ಫೋನಿಗೆ ಕಳಿಸಿದ್ದಾನೆ. ಭಾವ ಹೋಟೆಲಿನ ಕಾಲದ ಹಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದವರು ನನ್ನನ್ನು ಕಂಡದ್ದೇ ಕೈಬೀಸಿ ಕರೆದರು.

"ರವೀ, ಇಲ್ಲಿ ಬಾ. ಇದ್ರಲ್ಲಿ ಸಿಂಬಲ್ಲೇ ಇಲ್ಲ ಮಾರಾಯ. ಡ್ರಮ್ಮಿನ ಮೇಲೆ ಹಿತ್ತಾಳೆ ತಟ್ಟೆ ಇರ್ತದಲ್ಲ, ಅದು. ಒಂದು ವಾರ ಆಯ್ತು, ಕಿವಿಗೆ ಹತ್ತಿ ತುರುಕ್ದಂಗೆ. ಹೆಡ್‌ಫೋನ್ ಮುದುಕ ಆಯ್ತು ಕಾಣ್ತದೆ. ನಿಂಗೆ ಕೇಳ್ತದಾ ನೋಡು."

ಹಾಕಿಕೊಂಡೆ. ಭಾವ ಬಗ್ಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ತನ್ನ ನಂಬರು ಹುಡುಕುವವನ ನೋಟ ಅದು.

"ಇಲ್ಲ ಭಾವ," ಎಂದೆ.

"ಕೇಳ್ದ್ಯನೇ ಜಯಂತೀ? ಹೆಡ್‌ಫೋನೇ ಹಾಳಾದದ್ದು. ನಾ ಹೇಳ್ಲಿಲ್ವ?" ಭಾವ ಊಟದ ತನಕ ನಗುತ್ತಲೇ ಇದ್ದರು.

ಅಕ್ಕನ ಮದುವೆಯ ಮರುದಿನ ಅಪ್ಪ ನನ್ನನ್ನು ಕರೆದು ಎರಡು ಮಾತು ಹೇಳಿದ್ದರು. ಆಗ ನನಗೆ ಹದಿನೈದು. ಅಕ್ಕನ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಬೇಕು. ಭಾವ ಹೇಳಿದ್ದಕ್ಕೆ ಹೌದೆನ್ನಬೇಕು. ನಾವು ಎದುರಾಡಿ ಬಸ್ಸು ಹತ್ತಿ ಬಂದುಬಿಡುತ್ತೇವೆ, ಉಳಿಯುವವಳು ಅವಳು. ನಮ್ಮ ಕಡೆ ಭಾವನಿಗೆ ಎಷ್ಟು ಬೇಕಾದರೂ ಚೇಷ್ಟೆ ಮಾಡಬಹುದು, ಮೂಗನ್ನೂ ಹೊಟ್ಟೆಯನ್ನೂ ಆಡಿಕೊಳ್ಳಬಹುದು. ಇಲ್ಲವೆನ್ನುವುದು ಮಾತ್ರ ಇಲ್ಲ. ಮೂವತ್ತು ವರ್ಷದಿಂದ ಪಾಲಿಸಿದ್ದೇನೆ. ಇಂದು "ಇಲ್ಲ ಭಾವ" ಎಂದದ್ದೂ ಒಂದು ಹೌದೇ.

"ನೀ ಓದ್ದವ. ಯಾವ ಹೆಡ್‌ಫೋನ್ ಯಾವ ಜಾಝಿಗೆ ಒಳ್ಳೇದು ನೋಡಿ ತರ್ಸು," ಎಂದು ಆಜ್ಞೆಯಾಯಿತು.

ಕಿವಿ ಭಾವನದು, ಕೆಲಸ ನನ್ನದು;
ಸದ್ದು ಕಿಶನನದು, ಸಂಕಟ ನನ್ನದು.

ನವೆಂಬರ್ 5, ಬುಧವಾರ

ಮಹಾಜನರೇ, ಹೆಡ್‌ಫೋನುಗಳಲ್ಲಿ ಮೂರು ಜಾತಿ. ಬೆನ್ನು ತೆರೆದದ್ದು, ಬೆನ್ನು ಮುಚ್ಚಿದ್ದು, ಕಿವಿಯೊಳಗೆ ಹೋಗಿ ಸಂಸಾರ ಹೂಡುವಂಥದ್ದು. ತೆರೆದದ್ದರಲ್ಲಿ ಸಂಗೀತ ಬಯಲಾಟದ ಹಾಗೆ ಹರಡಿಕೊಳ್ಳುತ್ತದೆ. ಹದಿನೈದಿಪ್ಪತ್ತು ಜನರ ಸ್ವಿಂಗ್ ಬ್ಯಾಂಡಿಗೆ ಒಳ್ಳೆಯದು. ಮುಚ್ಚಿದ್ದರಲ್ಲಿ ಹತ್ತಿರ ಕೂತು ಪಿಸುಗುಟ್ಟಿದ ಹಾಗೆ, ನಿಧಾನದ ಹಾಡಿಗೆ. ಕಿವಿಯೊಳಗಿನದು ಚುರುಕು, ಬೀಬಾಪ್ ಎಂಬ ವೇಗದ ಬಗೆಗೆ. ಇದೆಲ್ಲ ನನ್ನ ಸ್ವಂತ ಜ್ಞಾನವಲ್ಲ. ಹಿಲ್ಲೂರು ಬಸ್ಸಿಗೂ ಯಲ್ಲಾಪುರ ಬಸ್ಸಿಗೂ ನಡುವೆ, ಇಂಗ್ಲಿಷ್ ವಿಮರ್ಶೆಗಳನ್ನು ಫೋನಿನಲ್ಲಿ ಅಗಿದು ಅಗಿದು ನುಂಗಿದ್ದು. ಒಬ್ಬ ಬರೆಯುತ್ತಾನೆ, ಈ ಹೆಡ್‌ಫೋನಿನ ಧ್ವನಿ ಬೆಚ್ಚಗಿದೆಯಂತೆ. ಇನ್ನೊಬ್ಬನಿಗೆ ಅದೇ ಧ್ವನಿ ಕಂದುಬಣ್ಣದ್ದಾಗಿ ಕಂಡಿದೆ. ಬಿಸಿಲಿಗಿಟ್ಟಿದ್ದರೇನೋ.

ತರಿಸುವ, ಒಗ್ಗದಿದ್ದರೆ ವಾಪಸು ಕಳಿಸುವ ಖಾತೆ ವಿನುತಾಳದು. ನೈಟಿಗಳನ್ನು ತರಿಸಿ, ಹಾಕಿ ನೋಡಿ, ವಾಪಸು ಕಳಿಸುವುದರಲ್ಲಿ ಅವಳಿಗೆ ತಾಲೂಕಿನಲ್ಲೇ ಸಾಟಿಯಿಲ್ಲ.

"ಭಾವಂಗೆ ವಯಸ್ಸೆಷ್ಟು?" ಎಂದು ಕೇಳಿದಳು.

"ಅರವತ್ತೊಂದು. ಯಾಕೆ?"

"ಯಾಕಿಲ್ಲ. ನೈಟಿ ಬಿಗಿ ಆದ್ರೆ ನಾನೂ ದರ್ಜಿಯವಂಗೇ ಬೈತೆ."

ಈ ಮಾತಿಗೆ ಪ್ರಾಸ ಹೊಳೆಯಲಿಲ್ಲ.

ನವೆಂಬರ್ 9, ರವಿವಾರ

ತೆರೆದ ಬೆನ್ನಿನದು ಬಂತು. ಪೆಟ್ಟಿಗೆ ಹಿಡಿದು ಏಳೂವರೆಯ ಬಸ್ಸಿಗೆ ಹೊರಟೆ. ಕಂಡಕ್ಟರ್ ಬೀರಾ, "ಕಂಟ್ರೋಲರ್ ಸಾಹೇಬ್ರೆ, ಒಳ್ಗೆ ಎಂತದು, ತಲೆಕಿರೀಟ್ವಾ?" ಎಂದ. ಹೌದೆಂದೆ. ಹಟ್ಟಿಕೇರಿ ದಾಟುವ ತನಕ ಅವನು ಪ್ರತಿ ಸ್ಟಾಪಿನಲ್ಲೂ ನನಗೆ ಕೈಮುಗಿಯುತ್ತಿದ್ದ.

ಭಾವನೊಡನೆ ಇಷ್ಟು ಹೊತ್ತು ಅಕ್ಕಪಕ್ಕ ಕೂತದ್ದು ಇದೇ ಮೊದಲು. ಮೂವತ್ತು ವರ್ಷದ ನೆಂಟಸ್ತಿಕೆಯಲ್ಲಿ ನಮ್ಮ ನಡುವಿನ ಮಾತು "ಊಟ ಆಯ್ತಾ, ಬಸ್ಸು ಸಿಕ್ತಾ" ಎಂಬಲ್ಲಿಗೆ ಮುಗಿದುಹೋಗುತ್ತಿತ್ತು. ಇಂದು ಅವರು ನನ್ನ ಮೊಣಕಾಲಿನ ಮೇಲೆ ತಾಳ ಹಾಕಿ ಕಲಿಸಿದರು.

"ನೋಡು, ನಿಂಗೆ ತಿಳ್ಯೂ ಹಂಗೆ ಹೇಳ್ತೆ. ಸ್ವಿಂಗ್ ಅಂದ್ರೆ ದಿಬ್ಬಣದ ಬಸ್ಸು. ಜನ ಜಾಸ್ತಿ, ಎಲ್ರೂ ಹಾಡೂದೇ, ಬಸ್ಸೂ ಕುಣೀತದೆ. ಬೀಬಾಪ್ ಅಂದ್ರೆ ತಡ ಆದ ಎಕ್ಸ್‌ಪ್ರೆಸ್ಸು, ಒಂದು ಸ್ಟಾಪೂ ಬಿಡೂದಿಲ್ಲ, ಒಂದ್ರಲ್ಲೂ ನಿಲ್ಲೂದಿಲ್ಲ. ಬ್ಯಾಲಡ್ ಅಂದ್ರೆ ಕಡೇ ಬಸ್ಸು. ಒಳ್ಗೆ ಮೂರೇ ಜನ."

"ಸಿಂಬಲ್ ಅಂದ್ರೆ ಭಾವ?"

"ಕಂಡಕ್ಟರ್ ಸೀಟಿ. ಬೇಸ್ ಗಾಡಿ ಎಳೀತದೆ, ಹೌದು. ಆದ್ರೆ ಎಲ್ಲಿ ಹತ್ಬೇಕು, ಎಲ್ಲಿ ಇಳೀಬೇಕು, ಅದು ಹೇಳೂದು ಸಿಂಬಲ್ಲು. ಅದು ಕೇಳ್ದೇ ಇದ್ರೆ ನಾನು ನಡೂ ರಸ್ತೆ ಮೇಲೆ ಇಳ್ದಂಗೆ."

ಹೊಸ ಹೆಡ್‌ಫೋನಿನಲ್ಲಿ ಅವರು ಸ್ವಿಂಗ್ ಕೇಳಿದರು. ಕಹಳೆಗಳು ಚೆನ್ನಾಗಿವೆಯಂತೆ, ದೂರ ದೂರ ನಿಂತಿವೆಯಂತೆ. ಸಿಂಬಲ್ ಇಲ್ಲ. ಧ್ವನಿ ಹೆಚ್ಚಿಸಿದರು. ಇಲ್ಲ. ಇನ್ನೂ ಹೆಚ್ಚಿಸಿದರು.

ತೆರೆದ ಬೆನ್ನಿನ ಹೆಡ್‌ಫೋನಿಗೆ ಒಂದು ದೋಷವಿದೆ, ಮಹಾಜನರೇ. ಒಳಗಿನ ಸದ್ದೆಲ್ಲ ಹೊರಗೂ ಬರುತ್ತದೆ.

"ತಮಾ, ಆ ಚೀಂಯ್ ಚೀಂಯ್ ಎಂತದಾ?" ಎನ್ನುತ್ತ ಅಕ್ಕ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ಕುಕ್ಕರಿನ ರಬ್ಬರು ಹೋಯ್ತು ಅಂತ ಮಾಡ್ದೆ."

ಭಾವ ಕಣ್ಣುಮುಚ್ಚಿಕೊಂಡಿದ್ದರು. ಅಕ್ಕ ಅವರ ತಲೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಪೆಟ್ಟಿಗೆಯ ಮೇಲಿನ ಸೂಚನೆಗಳನ್ನು ಓದತೊಡಗಿದೆ. ಜರ್ಮನ್ ಭಾಷೆಯಲ್ಲಿದ್ದವು.

"ಹೆಂಗೆ?" ಎಂದರು ಭಾವ, ಅದನ್ನು ತೆಗೆದು ನನ್ನ ಕಿವಿಗೆ ಹಾಕುತ್ತ. "ನಿಂಗೆ?"

"ಇದೂ ಅಷ್ಟಕ್ಕಷ್ಟೇ ಭಾವ."

ಹೊರಡುವಾಗ ಅಕ್ಕ ಗೇಟಿನ ತನಕ ಬಂದಳು. "ಎರಡು ವಾರ ಆಯ್ತು ತಮಾ. ಎಡಗಡೆ ನಿಂತು ಚಾ ತಕಣಿ ಅಂದ್ರೆ ತಿರ್ಗೂದೇ ಇಲ್ಲ. ನಾ ಹೇಳಿದ್ರೆ ಹೆಂಡ್ತಿ ಕಿರಿಕಿರಿ ಅಂತಾರೆ. ನೀ ಓದ್ದವ, ನೀ ಹೇಳಿದ್ರೆ ಕೇಳ್ತಾರೆ. ಡಾಕ್ಟ್ರ ಹತ್ರ ಹೋಗ್ವ ಅಂತ ಹೇಳು. ಹೇಳ್ತ್ಯಲ?"

"ಹೇಳ್ತೆ ಅಕ್ಕಾ. ಬರೂ ರವಿವಾರ."

ಬೀಳುವ ರಬ್ಬರಿಗೆ ಕುಕ್ಕರು ಹೊಣೆ,
ಕೇಳದ ತಟ್ಟೆಗೆ...

ಮುಂದಿನ ಸಾಲು ಸಿಗಲಿಲ್ಲ.

ನವೆಂಬರ್ 12, ಬುಧವಾರ

ಅಕ್ಕನ ಫೋನು. ಇವತ್ತೇ ಫೋನಿನಲ್ಲಿ ಹೇಳಬಾರದೇಕೆ ಎಂದಳು. ಇಂಥ ಮಾತನ್ನು ಎದುರು ಕೂತೇ ಹೇಳಬೇಕು, ಫೋನಿನಲ್ಲಿ ಮರ್ಯಾದೆಯಲ್ಲ ಎಂದೆ. ಅದು ನಿಜವೂ ಹೌದು. ಸ್ವಿಂಗಿಗೆಂದು ತಂದದ್ದನ್ನು ವಾಪಸು ಕಳಿಸಲೇ ಎಂದು ವಿನುತಾ ಕೇಳಿದಳು. ಇನ್ನೊಂದೆರಡು ದಿನ ಪರೀಕ್ಷೆ ಆಗಬೇಕು ಎಂದೆ. ಪರೀಕ್ಷೆಗೋಸ್ಕರ ಆ ಎಂಟು ಹಾಡುಗಳನ್ನು ಫೋನಿಗೆ ಹಾಕಿಸಿಕೊಂಡು ಬಂದಿದ್ದೇನೆ.

ನವೆಂಬರ್ 16, ರವಿವಾರ

ಹೇಳಬೇಕೆಂದೇ ಹೋಗಿದ್ದೆ. ಬಿಣಗಾ ಬರುವಷ್ಟರಲ್ಲಿ ವಾಕ್ಯ ಸಿದ್ಧವಾಗಿತ್ತು: "ಭಾವ, ಒಂದ್ಸಲ ಕಿವಿ ತೋರಿಸ್ಕಂಡ್ರೆ ಹೆಂಗೆ?" ಬೈತಖೋಲದಲ್ಲಿ ಅದನ್ನು ಇನ್ನಷ್ಟು ಮೆತ್ತಗೆ ಮಾಡಿದೆ: "ನನ್ನ ಕಿವೀನೂ ತೋರಿಸ್ಬೇಕು, ಇಬ್ರೂ ಹೋಗ್ವನಾ?" ಕೋಡಿಬಾಗದಲ್ಲಿ ಇಳಿದಾಗ ಭಾವ ಗೇಟಿನಲ್ಲೇ ನಿಂತಿದ್ದರು. ನನಗಾಗಿ ಕಾಯುತ್ತ. ಈ ಜನ್ಮದಲ್ಲಿ ಯಾವ ಭಾವನೂ ಬಸ್ ಕಂಟ್ರೋಲರನಿಗಾಗಿ ಗೇಟಿನಲ್ಲಿ ಕಾದದ್ದಿಲ್ಲ. ಬಸ್ಸಿಗಾಗಿ ಕಾಯುತ್ತಾರೆ, ಅಷ್ಟೇ.

"ತಂದ್ಯ? ಬಾ ಬಾ. ಇವತ್ತು ಬೀಬಾಪ್."

ಕಿವಿಯೊಳಗೆ ತುರುಕುವ ಜಾತಿಯದು. ಭಾವ ಮುಖ ಸಿಂಡರಿಸಿದರು. "ನಾಯಿಕಿವಿಗೆ ಉಣ್ಣಿ ಕಚ್ದಂಗೆ ಆಗ್ತದೆ." ಆದರೂ ಕೇಳಿದರು. ಸ್ಯಾಕ್ಸ್ ಸರಿಯಂತೆ, ಬೇಸು ಸರಿಯಂತೆ. "ಕಿಶನ ಎಲ್ಲಿ ಹೋದ? ಚಾ ಕುಡೀಲಿಕ್ಕೆ ಹೋದ್ನ?" ಎಂದು ತಮಾಷೆ ಮಾಡಿದರು. ನಗುವುದು ಮುಗಿದ ಮೇಲೂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಆಮೇಲೆ ನನಗೆ ಹಾಕಿ, ತಾವು ಫೋನಿನ ಪರದೆಯಲ್ಲಿ ಓಡುವ ನಿಮಿಷ ಸೆಕೆಂಡು ನೋಡಿಕೊಂಡು ಬೆರಳೆತ್ತಿ ತೋರಿಸಿದರು. ಇಲ್ಲಿ ಸ್ಯಾಕ್ಸ್ ಪ್ರಶ್ನೆ ಕೇಳ್ತದೆ. ಇಲ್ಲಿ ಡ್ರಮ್ಸ್ ಅರ್ಧ ಉತ್ತರ ಕೊಟ್ಟು ಸುಮ್ಮನಾಗ್ತದೆ. ಇಲ್ಲಿ ಎಲ್ಲರೂ ಒಟ್ಟಿಗೆ ಕಾಲು ಜಾರ್ತಾರೆ, ಯಾರೂ ಬೀಳೂದಿಲ್ಲ. ಹಾಡು ಅವರಿಗೆ ಅಷ್ಟು ಬಾಯಿಪಾಠ. ಹೌದು, ಬೀಳಲಿಲ್ಲ. ಅಂಚಿಗೆ ಬಂದು, ಆ ಹಿತ್ತಾಳೆಯ ಚೂರು ಒಂದೇ ಒಂದು

ಇಲ್ಲಿಗೆ ನಿಲ್ಲಿಸುತ್ತೇನೆ. ಉಪನ್ಯಾಸಕ ಭಾವಪರವಶನಾಗಬಾರದು.

ಕಿವಿಯೊಳಗಿನ ಜಾತಿ ಭಾವನಿಗೆ ಒಗ್ಗದು ಎಂದು ತೀರ್ಮಾನವಾಯಿತು. ಅಕ್ಕ ಮೀನು ಬಡಿಸುವಾಗ ಒಂದು ತುಂಡು ಹೆಚ್ಚು ಹಾಕಿ ನನ್ನನ್ನೇ ನೋಡಿದಳು. ಬಡಿಸಿದ್ದನ್ನು ಉಂಡೆ.

ನವೆಂಬರ್ 19, ಬುಧವಾರ

ಮಧ್ಯಾಹ್ನ ಮೈಕಿನಲ್ಲಿ ಹೀಗೆ ಘೋಷಿಸಿದೆನಂತೆ:

ಹಿಲ್ಲೂರು, ಹಿಲ್ಲೂರು, ಹಿಲ್ಲೂರಿನವರು, ಇಲ್ಲೇ ನಿಲ್ಲಿ,
ರಾಮನಗುಳಿ, ರಾಮನಗುಳಿಯವರು, ಆಚೆ ಅಲ್ಲಿ.

ಪ್ರಾಸ ಹೊಸತಲ್ಲ. ಆದರೆ ಪ್ರತಿ ಸಲ ಎರಡನೆಯ ಹೆಸರನ್ನು ಅರ್ಧ ಉಸಿರು ತಡಮಾಡಿ ಹೇಳಿದೆನೆಂದು ಸೊಪ್ಪಿನ ಬುಟ್ಟಿಯ ಸುಕ್ರಿ ಬಂದು ದೂರು ಕೊಟ್ಟಳು. "ಎಂತದ್ರಾ ಒಡ್ಯಾ, ನೀವು ಕೂಗಿದ್ದಕ್ಕೆ ನನ್ನ ಕಾಲು ಕುಣೀಲಿಕ್ಕೆ ಹತ್ತಿತು, ಬಸ್ಸು ಹತ್ತೂದು ಬಿಟ್ಟು."

ಊಟದ ವೇಳೆ ಸ್ವಿಂಗಿಗೆ ತೆರೆದದ್ದು. ಬಸ್ಸಿನ ಗದ್ದಲದಲ್ಲಿ ಬೀಬಾಪಿಗೆ ಕಿವಿಯೊಳಗಿನದು. ಸಂಜೆ ಮನೆಯಲ್ಲಿ ಎರಡನ್ನೂ ಅದಲುಬದಲು ಮಾಡಿ ಇನ್ನೊಮ್ಮೆ. ಇದೆಲ್ಲ ಭಾವನಿಗೆ ಸರಿಯಾದದ್ದನ್ನು ಹುಡುಕುವ ಸಲುವಾಗಿ.

"ಅನ್ನದ ತಟ್ಟೆ ಬಡೀಬೇಡಿ," ಎಂದಳು ವಿನುತಾ. ನಾನು ಬಡಿಯುತ್ತಿರಲಿಲ್ಲ. ಅಂಚಿಗೆ ಬೆರಳು ತಾಗಿಸುತ್ತಿದ್ದೆ, ಅಷ್ಟೇ. ನಡುವೆ ತಾಗಿಸಿದರೆ ಬೇರೆ ಸದ್ದು.

ನವೆಂಬರ್ 23, ರವಿವಾರ

ಮುಚ್ಚಿದ ಬೆನ್ನಿನದು. ಬ್ಯಾಲಡಿಗೆ.

ಭಾವ ಹಾಕಿಕೊಂಡು ಹತ್ತು ನಿಮಿಷ ಕೇಳಿದರು. ಧ್ವನಿ ಪೂರ್ತಿ ಮೇಲಕ್ಕಿತ್ತು. ಎಡಗಡೆಯ ಬಟ್ಟಲನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿದರು. ತೆಗೆದು, ತಿರುಗಿಸಿ, ಎಡದ್ದನ್ನು ಬಲಕ್ಕೆ ಹಾಕಿಕೊಂಡರು. ಮತ್ತೆ ಮೊದಲಿನಂತೆ ಹಾಕಿಕೊಂಡರು. ನಾನು ಆ ಹೊತ್ತಿನಲ್ಲಿ ಹೇಳಬಹುದಿತ್ತು.

"ಬೇಸ್ ಚೊಲೋ ಅದೆ," ಎಂದರು ಕೊನೆಗೆ. "ಎದೆಗೆ ಬಂದು ತಾಗ್ತದೆ. ಇದ್ರಲ್ಲಿ ಕಿಶನ ಕೋಲು ಹಿಡಿಯೂದಿಲ್ಲ ರವೀ, ಬ್ರಶ್ಶು. ತಂತಿ ಕುಚ್ಚು ಇರ್ತದೆ, ಅದ್ರಿಂದ ಡ್ರಮ್ಮಿನ ಚರ್ಮ ಸವರೂದು. ಹೊಯ್ಗೆ ಮೇಲೆ ತೆರೆ ಹಿಂದೆ ಹೋಗ್ತದಲ್ಲ, ಹಂಗೆ. ಆ ಸದ್ದು ಒಂದಿದ್ರೆ ಸಾಕು, ಸ್ಯಾಕ್ಸಿನವ ಎಷ್ಟು ನಿಧಾನ ಬೇಕಾದ್ರೂ ಹೋಗ್ಬಹುದು, ಬೀಳೂದಿಲ್ಲ." ಹೆಡ್‌ಫೋನನ್ನು ನನ್ನ ತಲೆಗೆ ತಾವೇ ಹಾಕಿ, ಬಟ್ಟಲುಗಳನ್ನು ಸರಿಪಡಿಸಿದರು, ಹಬ್ಬದ ದಿನ ಮಕ್ಕಳಿಗೆ ಟೋಪಿ ಹಾಕುವವರ ಹಾಗೆ. "ಕೇಳು. ಬಂದ್ರೆ ಕೈ ಎತ್ತು."

ಕಿಟಕಿಯಾಚೆ ದೋಣಿಯೊಂದು ಅಳಿವೆ ದಾಟುತ್ತಿತ್ತು. ಮೂರೇ ಜನರ ಕಡೆಯ ಬಸ್ಸು ಎಂದಿದ್ದರಲ್ಲ, ಹಾಗೆಯೇ ಇತ್ತು. ಒಬ್ಬ ಮಾತಾಡುತ್ತಾನೆ, ಒಬ್ಬ ಹೂಂಗುಟ್ಟುತ್ತಾನೆ, ಮೂರನೆಯವ ಮಾತಾಡುವುದೇ ಇಲ್ಲ, ಆದರೆ ಅವನು ಇದ್ದಾನೆಂದೇ ಉಳಿದಿಬ್ಬರಿಗೆ ಧೈರ್ಯ. ನಲವತ್ತೈದು ವರ್ಷ ನಾನು ಪದಗಳ ಬಾಲ ಹಿಡಿದು ತಿರುಗಿದ್ದೇನೆ. ಯಾವುದಕ್ಕೂ ಬಾಲವಿಲ್ಲದ ಒಂದು ಜಾಗ ಇರಬಹುದೆಂದು ಗೊತ್ತಿರಲಿಲ್ಲ.

ಹಾಡು ಮುಗಿಯಿತು. ನನ್ನ ಕೈ ತೊಡೆಯ ಮೇಲೆಯೇ ಇತ್ತು.

"ಬರ್ಲಿಲ್ಲ ಅಲ್ದಾ?" ಎಂದರು ಭಾವ.

"ಇಲ್ಲ ಭಾವ."

"ಇನ್ನೊಂದು ಬಗೆ ನೋಡ್ವ. ಬರೂ ರವಿವಾರ ಬಾ."

"ಬತ್ತೆ."

ಅಕ್ಕ ಇಂದು ಗೇಟಿನ ತನಕ ಬರಲಿಲ್ಲ.

ನವೆಂಬರ್ 30, ರವಿವಾರ

ಹೊಸ ಹೆಡ್‌ಫೋನ್ ಅಗತ್ಯವೇ ಬೀಳಲಿಲ್ಲ. ಗೋವೆಯಿಂದ ಕಿಶನನೇ ಬಂದಿದ್ದ, ಅಭ್ಯಾಸಕ್ಕೆ, ಒಂದು ಸಣ್ಣ ಡ್ರಮ್ಮು ಮತ್ತು ಒಂದು ಸಿಂಬಲ್ ಕಟ್ಟಿಕೊಂಡು. ತಟ್ಟೆ ನಮ್ಮನೆಯ ಹಪ್ಪಳದ ಪರಾತಕ್ಕಿಂತ ದೊಡ್ಡದು. ಜಗಲಿಯಲ್ಲಿ ಇಟ್ಟ. ಭಾವ ಸ್ಯಾಕ್ಸಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಅದರ ಬಲಗಡೆ ನಿಂತರು. ಒಂದು ಮಾರು ಅಂತರ ಇರಲಿಲ್ಲ.

ಮೊದಲ ಹಾಡಿನ ಅರ್ಧದಲ್ಲಿ ಭಾವ ಮುಂದೆ ಹೋದರು. ಕಿಶನ ಓಡಿಹೋಗಿ ಹಿಡಿದ. ಎರಡನೆಯದರಲ್ಲಿ ಭಾವ ಹಿಂದೆ ಉಳಿದರು. ಕಿಶನ ಕಾದ. ಮೂರನೆಯದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತ ಬೇರೆ ಬೇರೆ ಊರಿಗೆ ಹೋದರು. ಸಿಂಬಲ್ಲಿನ ಮೇಲೆ ಕೋಲು ಬೀಳುವುದನ್ನು ಭಾವ ಕಣ್ಣಿನಿಂದ ನೋಡತೊಡಗಿದ್ದರು. ನೋಡಿ ನುಡಿಸುವವನಿಗೆ ಯಾವಾಗಲೂ ಚೂರು ತಡ.

ಅವರು ನಿಲ್ಲಿಸಿದರು.

"ಬಡಿ," ಎಂದರು.

ಕಿಶನ ಬಡಿದ.

"ಇನ್ನೊಂದ್ಸಲ."

ಬಡಿದ. ಒಳಗೆ ಅಕ್ಕನ ಕೈಯಿಂದ ಏನೋ ಬಿತ್ತು.

ಭಾವ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಬಣ್ಣವಿರಲಿಲ್ಲ. "ರವೀ, ನಿಂಗೆ ಕೇಳ್ತ?"

ಮಹಾಜನರೇ, ಇಲ್ಲಿ ಹೆಡ್‌ಫೋನ್ ಇರಲಿಲ್ಲ. ತಟ್ಟೆ ಇನ್ನೂ ನಡುಗುತ್ತಿತ್ತು, ಕಣ್ಣಿಗೇ ಕಾಣುತ್ತಿತ್ತು. ಹೌದೆಂದರೆ, ಐದು ವಾರದಿಂದ ಕಿವುಡನಾಗಿದ್ದವನು ತಾನೊಬ್ಬನೇ ಎಂದು, ಈ ಜಗಲಿಯಲ್ಲಿ, ಜತೆಗಾರನ ಎದುರು, ಭಾವನಿಗೆ ತಿಳಿಯಬೇಕಿತ್ತು.

"ಇಲ್ಲ ಭಾವ," ಎಂದೆ.

ಕಿಶನ ಕೋಲು ಕೆಳಗಿಟ್ಟ. ಅವನು ನಮ್ಮಿಬ್ಬರನ್ನೂ ನೋಡಿದ ರೀತಿಯನ್ನು ಬರೆಯುವುದಿಲ್ಲ. "ದೇವಾ, ಚಾ ಕುಡ್ವ," ಎಂದಷ್ಟೇ ಅಂದ.

ಆದರೆ ಭಾವ ನನ್ನ ಹತ್ತಿರ ಬಂದು ನನ್ನ ಎರಡೂ ಕಿವಿಗಳನ್ನು ತಮ್ಮ ಕೈಗಳಲ್ಲಿ ಹಿಡಿದುಕೊಂಡರು. ಬೆರಳುಗಳು ತಣ್ಣಗಿದ್ದವು. "ನಿಂದೂ ಹೋಯ್ತಲೋ ಮಾರಾಯ. ಹೆಡ್‌ಫೋನ್ ಹಾಕ್ಸಿ ಹಾಕ್ಸಿ ನಾನೇ ಹಾಳ್ಮಾಡ್ದೆ. ನಂದು ಮುದಿಕಿವಿ, ಹೋಗ್ಲಿ. ನಿಂಗೆ ಮೈಕಿನ ಕೆಲ್ಸ. ಜಯಂತೀ, ನಾಳೆ ಡಾಕ್ಟ್ರಿಗೆ ಹೇಳು. ಇವನ್ನ ಕರ್ಕಂಡು ಹೋಗ್ತೆ."

ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ನಾನು ಯಾವ ಪೆಟ್ಟಿಗೆಯನ್ನೂ ತಂದಿರಲಿಲ್ಲ, ಓದಲು.

ಡಿಸೆಂಬರ್ 3, ಬುಧವಾರ

ರಜೆ ಹಾಕಿ ಕಾರವಾರಕ್ಕೆ, ಭಾವ ಅಕ್ಕ ಇಬ್ಬರೂ ಜತೆಗೆ. ಕಿವಿ ಮೂಗು ಗಂಟಲಿನ ವೈದ್ಯೆ, ಚಿಕ್ಕ ವಯಸ್ಸಿನವರು. ಮೊದಲು ಇವನದ್ದು ನೋಡಿ ಎಂದು ಭಾವ ನನ್ನನ್ನು ಮುಂದೆ ದೂಡಿದರು.

ಗಾಜಿನ ಕಿಟಕಿಯ ಸಣ್ಣ ಕೋಣೆ. ತಲೆಗೆ ಹೆಡ್‌ಫೋನ್. ಮುಚ್ಚಿದ ಬೆನ್ನು, ಗಟ್ಟಿ ದಿಂಬು, ಜಾಝಿನ ಯಾವ ಬಗೆಗೂ ಅಯೋಗ್ಯ. ಕೈಗೊಂದು ಗುಂಡಿ. ಸದ್ದು ಕೇಳಿದಾಗೆಲ್ಲ ಒತ್ತಬೇಕು. ಭಾವ ಗಾಜಿಗೆ ಮೂಗು ತಾಗಿಸಿ ನಿಂತು ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. ದಪ್ಪ ಸದ್ದುಗಳಿಗೆ ಒತ್ತಿದೆ. ಒಂದೊಂದು ಸಲ ಒತ್ತಿದಾಗಲೂ ಅವರು ತಲೆಯಾಡಿಸುತ್ತಿದ್ದರು, ಶಾಭಾಸ್ ಎಂಬಂತೆ. ತೆಳುವಾದವುಗಳಿಗೆ ಒತ್ತಲಿಲ್ಲ.

ಬಸ್ ನಿಲ್ದಾಣದ ಧ್ವನಿವರ್ಧಕದಿಂದ ಹೀಗಾಗಿರಬಹುದು ಎಂದರು ವೈದ್ಯೆ. ಇಷ್ಟು ಒಪ್ಪವಾಗಿ ಒಂದೇ ಕಡೆ ಕಡಿದುಹೋದ ಗೆರೆಯನ್ನು ತಾವು ಕಂಡಿಲ್ಲವೆಂದೂ ಹೇಳಿ, ನಕ್ಷೆಯನ್ನು ಎರಡು ಸಲ ನೋಡಿದರು. ನನಗೂ ಒಂದು ಚೀಟಿ ಬರೆದುಕೊಟ್ಟರು.

ಆಮೇಲೆ ಭಾವ ಒಳಗೆ ಹೋದರು. ಈಗ ಗಾಜಿನಾಚೆ ನಾನು. ಅವರು ಕಣ್ಣುಮುಚ್ಚಿ, ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಸ್ಯಾಕ್ಸ್ ಹಿಡಿದಾಗಿನಂತೆ ಚೂರು ಮುಂದಕ್ಕೆ ಬಾಗಿ ಕಾದರು. ತುಂಬ ಹೊತ್ತು ಹೆಬ್ಬೆರಳು ಅಲುಗಲಿಲ್ಲ.

"ಬಲಗಿವಿ ಹಳೆಯದು, ಎಷ್ಟೋ ವರ್ಷಗಳಿಂದ ಸವೆದಿದೆ," ಎಂದರು ವೈದ್ಯೆ. "ಎಡಗಿವಿ ಈಚೆಗೆ ಒಮ್ಮೆಲೇ ಹೋದದ್ದು. ಯಾವಾಗಿಂದ?"

"ಐದು ವಾರ ಆಯ್ತು," ಎಂದಳು ಅಕ್ಕ.

"ಮೊದಲ ಎರಡು ವಾರದಲ್ಲಿ ಬಂದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತು. ಕೆಲವರಿಗೆ ವಾಪಸು ಬರುತ್ತದೆ. ಈಗ... ಯಾಕೆ ಬರಲಿಲ್ಲ?"

"ಹೆಡ್‌ಫೋನ್ ಸರಿ ಇಲ್ಲ ಅಂತ ತಿಳ್ಕಂಡಿದ್ವಿ ಡಾಕ್ಟ್ರೆ," ಎಂದರು ಭಾವ. "ಇವಂಗೂ ಕೇಳ್ತಿರ್ಲಿಲ್ಲಲ್ಲ."

ಹೊರಗೆ ಬೆಂಚಿನ ಮೇಲೆ ಕೂತಾಗ ಅವರು ನನ್ನ ಬೆನ್ನು ಸವರುತ್ತಿದ್ದರು. ನನ್ನ ಚೀಟಿಯನ್ನು ಮಡಚಿ ನನ್ನ ಅಂಗಿಯ ಜೇಬಿಗೆ ಇಟ್ಟರು. ಅಕ್ಕ ಔಷಧಿ ಅಂಗಡಿಯ ಎದುರು ನಮಗೆ ಬೆನ್ನು ಹಾಕಿ ನಿಂತಿದ್ದಳು.

ಡಿಸೆಂಬರ್ 7, ರವಿವಾರ

ಹೋಗಲಿಲ್ಲ. ಬೆಳಿಗ್ಗೆ ಭಾವನ ಫೋನು ಬಂತು. ಇಪ್ಪತ್ತನೆಯ ತಾರೀಕಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ರೆಸಾರ್ಟಿನವರಿಗೆ ಹೇಳಿಬಿಟ್ಟರಂತೆ. ಕಿಶನ ಒಬ್ಬ ಕಾಲೇಜು ಹುಡುಗಿಯನ್ನು ಗೊತ್ತುಮಾಡಿದ್ದಾನಂತೆ, ಒಳ್ಳೆಯ ಉಸಿರಂತೆ. ನಾನು ಮಾತಾಡಿದ್ದು ಅವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ನನಗೂ ಕೇಳುವುದಿಲ್ಲವೆಂದು ಅವರು ಗಟ್ಟಿಯಾಗಿ ಕೂಗಿಯೇ ಹೇಳುತ್ತಿದ್ದರು.

"ನೀ ಯಾಕೆ ಬರ್ಲಿಲ್ಲ? ಬಾರೋ! ಇಬ್ರೂ ಕೂತು ಬೇಸ್ ಆದ್ರೂ ಕೇಳ್ವ! ಅದಿನ್ನೂ ಅದೆ!"

ಹಿಂದಿನಿಂದ ಅಕ್ಕ ಏನಾದರೂ ಹೇಳುವಳೋ ಎಂದು ಕಾದೆ. ಹೇಳಲಿಲ್ಲ. ಬುಧವಾರದಿಂದ ಅವಳು ನನ್ನೊಡನೆ ಮಾತಾಡಿಲ್ಲ. ಭಾವನಿಗೂ ಹೇಳಿಲ್ಲ. ಹೇಳಿದರೆ ಅವರಿಗೆ ಉಳಿದಿರುವ ಒಬ್ಬ ಜತೆಯವನೂ ಹೋಗುತ್ತಾನೆಂದು ಅವಳಿಗೆ ಗೊತ್ತಿದೆ.

ಶ್ರೋತೃ ಮಹಾಜನರು ಯಾರೂ ಇಲ್ಲ. ನಾನೊಬ್ಬನೇ ಇದ್ದೇನೆ.

ನನಗೆ ಕೇಳುತ್ತಿತ್ತು. ಮೊದಲ ದಿನದಿಂದ, ಎಲ್ಲವೂ. ನವೆಂಬರ್ ಎರಡರಂದು ಇಲ್ಲವೆಂದದ್ದು ಭಾವನ ಮರ್ಯಾದೆಗೆ. ಒಂಬತ್ತರಂದು, ಇನ್ನೂ ಸಮಯವಿದ್ದಾಗ, ಅಕ್ಕ ಗೇಟಿನಲ್ಲಿ ನಿಂತು ಕೇಳಿಕೊಂಡ ಮೇಲೂ ಹೇಳದೇ ಇದ್ದದ್ದು ಮರ್ಯಾದೆಗಲ್ಲ, ಹೆದರಿಕೆಗೂ ಅಲ್ಲ. ಹೆಡ್‌ಫೋನ್ ಸರಿಯಿಲ್ಲದಿರುವಷ್ಟು ದಿನ ಭಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಿದ್ದರು. ಸರಿಯಿದೆ ಎಂದಿದ್ದರೆ ನಾನು ಮತ್ತೆ ಉಂಡು ನಾಲ್ಕರ ಬಸ್ಸಿಗೆ ಹೊರಡುವ ನೆಂಟ. ನನಗೆ ಇನ್ನೂ ಕೆಲವು ರವಿವಾರ ಬೇಕಿತ್ತು.

ತೆಗೆದುಕೊಂಡೆ.